ಅಕ್ಷರ ಓದುವ ಮುನ್ನ ಬಣ್ಣ ನೋಡಿ

ದೊಡ್ಡ ಅಮೂರ್ತ ತೈಲಚಿತ್ರದಲ್ಲಿ ಬರಹವಿದ್ದರೆ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಪದ ಸಿಕ್ಕಿತು, ಅರ್ಥವೂ ಸಿಕ್ಕಿತು ಎಂದುಕೊಂಡು ಜನ ಮುಂದಿನ ಚಿತ್ರಕ್ಕೆ ನಡೆದುಬಿಡುತ್ತಾರೆ.

ಅದಕ್ಕೇ ಮೊದಲು ದೂರ ನಿಲ್ಲಬೇಕು. ಎರಡು ಮೀಟರ್ ಅಗಲದ ಕ್ಯಾನ್ವಾಸಾದರೆ ಮೂರ್ನಾಲ್ಕು ಮೀಟರ್ ಹಿಂದೆ. ಕಣ್ಣು ಅರೆ ಮುಚ್ಚಿದರೆ ಅಕ್ಷರಗಳು ಮಸುಕಾಗಿ, ಗಾಢ ಬಣ್ಣದ ಭಾರ ಎಲ್ಲಿ ಬಿದ್ದಿದೆ ಎಂಬುದು ತಿಳಿಯುತ್ತದೆ. ಫೋಟೊ ತೆಗೆಯಲು ಬಿಟ್ಟರೆ ಅದನ್ನು ತಲೆಕೆಳಗು ಮಾಡಿ ನೋಡಿ. ಓದುವ ಚಟ ಅಲ್ಲಿಗೆ ನಿಲ್ಲುತ್ತದೆ.

ಆಮೇಲೆ ಹತ್ತಿರ ಹೋಗಿ, ಪಕ್ಕಕ್ಕೆ ಸರಿದು, ಓರೆಬೆಳಕಿನಲ್ಲಿ ನೋಡಬೇಕು. ಬರಹ ಯಾವ ಪದರದಲ್ಲಿದೆ? ನನ್ನ ಮಟ್ಟಿಗೆ ವ್ಯಾಖ್ಯಾನದ ಅರ್ಧ ಇದರಲ್ಲೇ ಇದೆ. ಹಸಿ ಬಣ್ಣದ ಮೇಲೆ ಬರೆದಿದ್ದರೆ ಗೆರೆಯ ಅಂಚಿನಲ್ಲಿ ಕೆಳಗಿನ ಬಣ್ಣ ಕಲೆತು ಕೆಸರಾಗಿರುತ್ತದೆ. ಒಣಗಿದ ಮೇಲೆ ಬರೆದಿದ್ದರೆ ಕುಂಚ ಉಬ್ಬುಗಳನ್ನಷ್ಟೇ ಸವರಿ ತಗ್ಗುಗಳನ್ನು ಬಿಟ್ಟಿರುತ್ತದೆ. ಕುಂಚದ ಹಿಡಿಯಿಂದ ಗೀರಿದ್ದರೆ ಎರಡೂ ಬದಿಗೆ ಬಣ್ಣ ಎದ್ದು ನಿಂತಿರುತ್ತದೆ. ತೈಲವರ್ಣದ ಮೇಲ್ಮೈ ಒಣಗಲು ದಿನಗಳು, ದಪ್ಪ ಬಳಿದಿದ್ದರೆ ವಾರಗಳೇ ಬೇಕು. ಹಾಗಾಗಿ ಪದ ಚಿತ್ರದ ಜೊತೆಗೇ ಹುಟ್ಟಿತೋ, ಕಲಾವಿದ ತಿರುಗಿ ಬಂದು ಸೇರಿಸಿದನೋ ಎಂಬುದಕ್ಕೆ ಈ ಅಂಚುಗಳೇ ಸಾಕ್ಷಿ. ಅರೆಬರೆ ಕಾಣುವ ಪದವನ್ನು ಕಂಡು ‘ಬೇಕೆಂದೇ ಮರೆಮಾಡಿದ್ದಾರೆ’ ಎಂಬ ತೀರ್ಮಾನಕ್ಕೆ ಹಾರಬೇಡಿ. ತೈಲವರ್ಣ, ಅದರಲ್ಲೂ ಸೀಸದಿಂದ ಮಾಡಿದ ಬಿಳಿ ಬಣ್ಣ, ಹಳತಾದಂತೆ ಪಾರದರ್ಶಕವಾಗುತ್ತದೆ. ಪೂರ್ತಿ ಮುಚ್ಚಿದ್ದ ಬರಹ ಕಾಲಾಂತರದಲ್ಲಿ ಇಣುಕಿರಬಹುದು.

ಓದುವ ಸರದಿ ಇದಾದ ಮೇಲೆ. ಅಮೆರಿಕದ ಚಿತ್ರಕಾರ ಜಾಸ್ಪರ್ ಜಾನ್ಸ್ 1959ರ ‘ಫಾಲ್ಸ್ ಸ್ಟಾರ್ಟ್’ನಲ್ಲಿ ಬಣ್ಣಗಳ ಹೆಸರನ್ನು ಸ್ಟೆನ್ಸಿಲ್‌ನಿಂದ, ಅಂದರೆ ಅಕ್ಷರ ಕೊರೆದ ಹಾಳೆಯಿಂದ, ಒತ್ತಿದ್ದಾರೆ, ಹೆಸರಿಗೂ ಅದನ್ನು ಬರೆದ ಬಣ್ಣಕ್ಕೂ ಬಹುತೇಕ ತಾಳೆಯಿಲ್ಲ. ಬರೀ ಓದಿದವರಿಗೆ ಆ ಜಗಳ ಕಾಣುವುದೇ ಇಲ್ಲ. ಅಮೆರಿಕದವರೇ ಆದ ಸೈ ಟ್ವಾಂಬ್ಲಿಯ 1978ರ ಹತ್ತು ಕ್ಯಾನ್ವಾಸುಗಳ ‘ಫಿಫ್ಟಿ ಡೇಸ್ ಅಟ್ ಇಲಿಯಮ್’ನಲ್ಲಿ ಟ್ರಾಯ್ ಯುದ್ಧದ ವೀರರ ಹೆಸರುಗಳಿವೆ. ಕಥೆ ಗೊತ್ತಿದ್ದರೆ ಅನುಕೂಲ, ಆದರೆ ಕೈ ಎಲ್ಲಿ ರಭಸವಾಗಿ ಗೀಚಿದೆ ಎಂಬುದೂ ಅಷ್ಟೇ ಮುಖ್ಯ. ನಮ್ಮ ದೇಶದ ಚಿತ್ರಕಾರ ಕೆ.ಸಿ.ಎಸ್. ಪಣಿಕ್ಕರ್ ಅವರ ‘ವರ್ಡ್ಸ್ ಅಂಡ್ ಸಿಂಬಲ್ಸ್’ ಸರಣಿಯ ಲಿಪಿ ಮಲಯಾಳಂನಂತೆ ಕಂಡರೂ ಓದಿಗೆ ದಕ್ಕದು. ಅಲ್ಲಿ ಅನುವಾದ ಹುಡುಕುವುದು ವ್ಯರ್ಥ.

ಗೋಡೆಯ ಮೇಲಿನ ವಿವರದ ಚೀಟಿ ಕೊನೆಗಿರಲಿ. ಅದರಲ್ಲಿ ‘ತೈಲ ಮತ್ತು ಗ್ರಾಫೈಟ್’ ಎಂದಿದ್ದರೆ ಇನ್ನೊಮ್ಮೆ ಹತ್ತಿರ ಹೋಗಿ: ಪೆನ್ಸಿಲ್ ಗೆರೆಗಳು ದೂರದಿಂದ ಬಿರುಕಿನಂತೆಯೇ ಕಾಣುತ್ತವೆ.