ದಿಂಡಿನ ಇದ್ದಿಲು: ನಾಲ್ಕನೇ ಸುತ್ತಿನ ಲೆಕ್ಕ

ಈ ಸುತ್ತಿನಲ್ಲೂ ಸೌದೆ ಒಂದು ಕಡ್ಡಿಯೂ ಇಲ್ಲ. ಹಾಕಿದ್ದು ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು, 28 ಕೆ.ಜಿ. ಬಂದದ್ದು 7 ಕೆ.ಜಿ. ಇದ್ದಿಲು. ಮಣ್ಣು ಮುಚ್ಚಿ ಸುಡುವ ಗೂಡಿನಲ್ಲಿ ಒಂದು ಕೆ.ಜಿ. ಇದ್ದಿಲಿಗೆ ಆರೇಳು ಕೆ.ಜಿ. ಸೌದೆ ಬೇಕು, ಕೈ ಪಳಗದಿದ್ದರೆ ಹತ್ತೂ ಹೋಗುತ್ತದೆ.

ನಾವು ದಿಂಡು ಸುಡುವ ಡ್ರಮ್ಮು 200 ಲೀಟರಿನದು. ತಳದಲ್ಲಿ 5 ಸೆಂ.ಮೀ. ಅಗಲದ ಎಂಟು ತೂತು, ಮೇಲೆ 30 ಸೆಂ.ಮೀ. ಚೌಕದ ಬಾಯಿ, ಅದಕ್ಕೆ ದಪ್ಪ ತಗಡಿನ ಮುಚ್ಚಳ. ಕೀಟನಾಶಕ ತುಂಬಿದ್ದ ಡ್ರಮ್ಮು ಬೇಡವೇ ಬೇಡ. ಬಣ್ಣವಿದ್ದರೆ ಮೊದಲು ಖಾಲಿ ಡ್ರಮ್ಮನ್ನೇ ಬಯಲಲ್ಲಿ ಕಾಯಿಸಿ ಸುಟ್ಟುಬಿಡಬೇಕು.

ಮೂರು ಕಲ್ಲಿನ ಮೇಲೆ ಕೂರಿಸಿ, ದಿಂಡು ತುಂಬಿ, ತಳದಿಂದ ಬೆಂಕಿ ಹಚ್ಚಿದೆವು. ಮೊದಲು ಬರುವ ದಟ್ಟ ಬಿಳಿ ಹೊಗೆಯಲ್ಲಿ ಹೆಚ್ಚಿನ ಪಾಲು ನೀರಾವಿ. ಅದು ಹಳದಿಗೆ ತಿರುಗಿದಾಗ ಬಾಯಿಯ ಹತ್ತಿರ ಉರಿಯುವ ಕಡ್ಡಿ ಹಿಡಿದರೆ ಹೊಗೆಯೇ ಹತ್ತಿಕೊಳ್ಳುತ್ತದೆ, ಕಣ್ಣುರಿ ಅಲ್ಲಿಗೆ ತಪ್ಪುತ್ತದೆ. ಜ್ವಾಲೆ ತಗ್ಗಿ ಹೊಗೆ ತೆಳ್ಳಗೆ ನೀಲಿಯಾದ ಕೂಡಲೇ ಕಲ್ಲು ತೆಗೆದು ಡ್ರಮ್ಮನ್ನು ಮರಳಿಗೆ ಇಳಿಸಿ, ಮುಚ್ಚಳ ಹಾಕಿ, ಸಂದಿಗೆಲ್ಲ ಹಸಿಮಣ್ಣು ಮೆತ್ತಬೇಕು. ಇಲ್ಲಿ ಐದು ನಿಮಿಷ ತಡವಾದರೂ ಇದ್ದಿಲು ಬೂದಿಯಾಗತೊಡಗುತ್ತದೆ. ಮೂರನೇ ಸುತ್ತು ಕೆಟ್ಟದ್ದು ಮುಚ್ಚಳದ ಅಂಚಿನ ಬಿರುಕಿನಿಂದ. ಎರಡನೆಯದು ದಿಂಡಿನ ಹಸಿಯಿಂದ. ಹಸಿ ದಿಂಡು ಅರೆಬೆಂದು ಕಂದಾಗಿಯೇ ಉಳಿಯುತ್ತದೆ, ಒಲೆಯಲ್ಲಿ ಹೊಗೆ ಕಾರುತ್ತದೆ. ಬೆಂದದ್ದು ಮುರಿದಾಗ ಚಟ್ಟೆನ್ನಬೇಕು, ಒಳಗೂ ಕಪ್ಪಿರಬೇಕು. ಒಂದು ಇಡೀ ದಿನ ಬಾಯಿ ತೆರೆಯಬೇಡಿ. ಒಳಗೆ ಕೆಂಡ ಉಳಿದಿದ್ದರೆ ಗಾಳಿ ತಾಗಿದೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ.

ಇದ್ದಿಲನ್ನು ಪುಡಿ ಮಾಡಿ ಬಿಲ್ಲೆ ಒತ್ತಲು ಅಂಟು ಬೇಕು: ಪುಡಿ 7 ಕೆ.ಜಿ.ಗೆ ಮರಗೆಣಸಿನ ಹಿಟ್ಟು ಅರ್ಧ ಕೆ.ಜಿ. ತಣ್ಣೀರಲ್ಲಿ ಕಲಸಿ ಕುದಿಯುವ ನೀರಿಗೆ ಸುರಿದು, ಗಂಜಿ ಪಾರದರ್ಶಕವಾಗುವ ತನಕ ಕೈಯಾಡಿಸಬೇಕು. ಬೇಯದ ಹಿಟ್ಟಿಗೆ ಅಂಟಿಲ್ಲ. ಗಂಜಿಗೆ ಪುಡಿ ಕಲಸುವಾಗ ನೀರು ಇಷ್ಟೇ ಎಂದು ಅಳೆಯುವುದಕ್ಕಿಂತ ಮುಷ್ಟಿ ನಂಬಿ: ಹಿಚುಕಿದ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಹಿಟ್ಟು ಹೆಚ್ಚಾದರೆ ಹೊಗೆ, ಒಣಗುವುದು ನಿಧಾನವಾದರೆ ಬೂಷ್ಟು. ಜೇಡಿಮಣ್ಣು ಸೇರಿಸಿದರೂ ಬಿಲ್ಲೆ ಗಟ್ಟಿಯಾಗುತ್ತದೆ, ಆದರೆ ಮಣ್ಣು ಉರಿಯುವುದಿಲ್ಲ, ಬೂದಿಯನ್ನಷ್ಟೇ ಹೆಚ್ಚಿಸುತ್ತದೆ. ಮೊದಲ ದಿನ ನೆರಳು, ಆಮೇಲೆ ಬಿಸಿಲು. ನೇರ ಬಿಸಿಲಿಗಿಟ್ಟ ಬಿಲ್ಲೆಗಳು ಸೀಳಿದವು. ಉರಿಸಿ ನೋಡುವುದು ಬಯಲಲ್ಲೇ. ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ಇದ್ದೇ ಇರುತ್ತದೆ.

ಮರದ ಮಿಲ್ಲಿನ ಚೂರುಗಳನ್ನೂ ಹಾಕಬಹುದಲ್ಲ ಎಂಬ ಪ್ರಶ್ನೆ ಬರುತ್ತಿರುತ್ತದೆ. ಎಲ್ಲಿಯ ಮರ ಎಂದು ತಿಳಿಯದಿದ್ದರೆ ಹಾಕಬೇಡಿ. ದಿಮ್ಮಿಯ ಮೇಲಿನ ಗುರುತು, ತೊಗಟೆ, ಬಣ್ಣ ಎಲ್ಲವನ್ನೂ ಬೆಂಕಿ ನುಂಗುತ್ತದೆ. ಕಳ್ಳಮರಕ್ಕೆ ಇದ್ದಿಲು ಒಳ್ಳೆಯ ಮರೆ. ತುಂಡು ಇದ್ದಿಲಾದರೆ ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳ ಜೋಡಣೆ ನೋಡಿ ಮರದ ಜಾತಿಯ ಸುಳಿವು ಹಿಡಿಯಬಹುದು, ಪುಡಿ ಮಾಡಿ ಬಿಲ್ಲೆ ಒತ್ತಿದರೆ ಅದೂ ಬಲು ಕಷ್ಟ. ಯುರೋಪಿಯನ್ ಒಕ್ಕೂಟದಲ್ಲಿ 2013ರಿಂದ ಅನ್ವಯವಾದ, ಕಳ್ಳಮರದ ಮಾರಾಟ ತಡೆಯುವ ಮರದ ನಿಯಮ ಇದ್ದಿಲನ್ನು ಹೊರಗೇ ಬಿಟ್ಟಿತ್ತು. ಇದ್ದಿಲು ಪಟ್ಟಿಗೆ ಸೇರಿದ್ದು ಕಾಡುನಾಶ ತಡೆಯುವ 2023ರ ನಿಯಮದಲ್ಲಿ. ಹಾಗಾಗಿ ಪ್ರತಿ ಸುತ್ತಿಗೂ ಏನು ಹಾಕಿದ್ದು, ಎಲ್ಲಿಂದ ತಂದದ್ದು, ಒಳಗೆಷ್ಟು, ಹೊರಗೆಷ್ಟು ಎಂಬ ನಾಲ್ಕು ಕಾಲಂ ಬರೆದಿಡುತ್ತಿದ್ದೇವೆ.

ಐದನೇ ಸುತ್ತಿಗೆ ಮುಚ್ಚಳದ ಅಂಚನ್ನು ಎರಡು ಸೆಂ.ಮೀ. ಮಡಿಸಬೇಕು.