ತಾಹಿತಿಯ ಕಾಡಿನಲ್ಲಿ ನೆಲ ನೋಡಿ ನಡೆಯಬೇಕು

ಪೆಸಿಫಿಕ್ ಸಾಗರದ ತಾಹಿತಿ ದ್ವೀಪದ ಮುಖ್ಯ ಪಟ್ಟಣ ಪಪೀಟೆಯಿಂದ ಸುತ್ತುರಸ್ತೆ ಹಿಡಿದು ಸುಮಾರು 50 ಕಿ.ಮೀ. ಹೋದರೆ ಪಾಪೆಆರಿ ಸಿಗುತ್ತದೆ. ಹ್ಯಾರಿಸನ್ ಸ್ಮಿತ್ ಎಂಬ ಅಮೆರಿಕದ ಭೌತಶಾಸ್ತ್ರದ ಮೇಷ್ಟ್ರು ಬೆಳೆಸಿದ ಸಸ್ಯೋದ್ಯಾನ ಇಲ್ಲಿದೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮೈಕೋನಿಯಾ ಮರ 1937ರಲ್ಲಿ ಬಂದಿಳಿದದ್ದು ಈ ತೋಟಕ್ಕೇ, ಎಲೆ ಚೆಂದ ಅಂತ. ಈಗ ದ್ವೀಪದ ಸುಮಾರು ಮೂರನೇ ಎರಡು ಪಾಲಿನಲ್ಲಿ ಅದು ಹಬ್ಬಿದೆ.

ಎಲೆ ಚೆಂದವೇ, ಸುಳ್ಳಲ್ಲ. ಮುಕ್ಕಾಲು ಮೀಟರ್‌ವರೆಗೂ ಉದ್ದ. ಮೇಲೆ ಕಡುಹಸಿರು, ಮಗುಚಿದರೆ ನೇರಳೆ. ಬುಡದಿಂದ ತುದಿಗೆ ಬಿಲ್ಲಿನಂತೆ ಬಾಗಿದ ಮೂರು ದಪ್ಪ ನರ. ಮಲೆನಾಡಿನ ನೆಕ್ಕರಿಕದ ಎಲೆ ನೋಡಿದವರಿಗೆ ಗುರುತು ಹತ್ತುತ್ತದೆ. ಎರಡೂ ಒಂದೇ ಕುಟುಂಬದವು.

ತಾರವಾವ್ ಪ್ರಸ್ಥಭೂಮಿಯ ಕಡೆ ಹತ್ತುವಾಗ ದೂರದ ಗುಡ್ಡಗಳು ದಟ್ಟ ಹಸಿರು. ಪ್ರವಾಸಿಗರು ಫೋಟೊ ಹೊಡೆಯುವುದು ಅದನ್ನೇ. ಮೈಕೋನಿಯಾ ದಟ್ಟವಾಗಿರುವ ಕಡೆ ಒಳಹೊಕ್ಕರೆ ಹಾಡುಹಗಲೇ ಮುಸ್ಸಂಜೆ. ಕಾಲಡಿ ಕೊಳೆತ ಎಲೆ, ಬರಿಮಣ್ಣು, ಅಷ್ಟೆ. ಕಾಫಿಯ ಬಂಧುಗಳಾದ ಸೈಕೋಟ್ರಿಯಾ, ಓಫಿಯೊರೈಜಾ, ಜತೆಗೆ ಸಿರ್ಟಾಂಡ್ರಾದಂಥ ಕೆಳಹಂತದ ಗಿಡಗಳು ಇರಬೇಕಾದ ಜಾಗವದು. ಹಳೆಯ ಕಾಡುಮರ ಅಲ್ಲೊಂದು ಇಲ್ಲೊಂದು ನಿಂತಿದ್ದರೂ ಅದರ ಸಸಿ ಮೇಲೇಳುವಷ್ಟು ಬೆಳಕಿಲ್ಲ. ಮರ ಬದುಕಿದೆ, ಸಂತಾನ ನಿಂತಿದೆ. ತಾಹಿತಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ 40ರಿಂದ 50 ಸಸ್ಯಗಳು ಈ ಮರದಿಂದಾಗಿ ಅಪಾಯದಲ್ಲಿವೆ ಎಂಬುದು ಸಸ್ಯವಿಜ್ಞಾನಿಗಳ ಲೆಕ್ಕ. ಮೈಕೋನಿಯಾದ ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಕಡಿದಾದ ಇಳಿಜಾರಿನಲ್ಲಿ ಮಣ್ಣು ಕುಸಿಯುವ ಭಯ ಬೇರೆ.

ಹಣ್ಣು ಪುಟ್ಟದು, ಕಪ್ಪುನೇರಳೆ. ಒಂದೊಂದರಲ್ಲೂ ನೂರರ ಮೇಲೆ ಬೀಜ, ಗಸಗಸೆಗಿಂತ ಸಣ್ಣ. ಬಿತ್ತುವವರಲ್ಲಿ ಒಬ್ಬರು ನಮ್ಮೂರಿನವರೇ: ಬಾಲದ ಬುಡ ಕೆಂಪಗಿರುವ ಪಿಕಳಾರ. ಯಾರೋ ತಂದು ಬಿಟ್ಟ ಈ ಹಕ್ಕಿ ಇಲ್ಲಿ ಕಳೆಹಕ್ಕಿ. ಬೀಜ ಬೂಟಿನ ಕೆಸರಿನಲ್ಲೂ ಸಾಗುತ್ತದೆ. ಮುಂದಿನ ದ್ವೀಪಕ್ಕೆ ದೋಣಿ ಹತ್ತುವ ಮೊದಲು ಅಟ್ಟೆಯ ಸಂದುಗಳನ್ನು ಬ್ರಷ್ ಹಾಕಿ ತೊಳೆಯಿರಿ.

ಸಸಿಯಾದರೆ ಬೇರುಸಹಿತ ಕೀಳಬಹುದು. ಕಿತ್ತದ್ದನ್ನು ಒದ್ದೆ ನೆಲದಲ್ಲಿ ಬಿಟ್ಟರೆ ಮತ್ತೆ ಬೇರು ಬಿಡುತ್ತದೆ. ಬೇರು ಮೇಲಾಗಿ ಕೊಂಬೆಗೆ ನೇತುಹಾಕಬೇಕು. ಮರವನ್ನು ಬರೇ ಕಡಿದರೆ ಬುಡ ಚಿಗುರುತ್ತದೆ, ಕೂಡಲೇ ಕಳೆನಾಶಕ ಹಚ್ಚಬೇಕು. ಅಷ್ಟಾದರೂ ಕೆಲಸ ಅರ್ಧವೇ. ನೆಲಕ್ಕೆ ಬಿಸಿಲು ಬಿದ್ದೊಡನೆ ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೇಲೆ ಮಲಗಿದ್ದ ಬೀಜವೂ ಮೊಳೆಯುತ್ತದೆ. ಹೊಸ ಸಸಿ ನಾಲ್ಕೈದು ವರ್ಷಕ್ಕೆ ಕಾಯಿ ಕಟ್ಟುತ್ತದೆ, ಅದರೊಳಗೆ ಮತ್ತೆ ಮತ್ತೆ ಬರಲೇಬೇಕು. ಮೈಕೋನಿಯಾ ಹಬ್ಬಿದ ಇನ್ನೊಂದು ದ್ವೀಪ ರಾಯಾತೆಯಾದಲ್ಲಿ 1992ರಿಂದ ಹೀಗೆ ಕೀಳುತ್ತಲೇ ಇದ್ದಾರೆ.

ತಾಹಿತಿಯಲ್ಲಿ ಕೈಯಿಂದ ಕಿತ್ತು ಮುಗಿಯುವಂತಿರಲಿಲ್ಲ. 2000ದಲ್ಲಿ ತಾರವಾವ್‌ನಲ್ಲಿ ಬ್ರೆಜಿಲ್ ಮೂಲದ ಒಂದು ಶಿಲೀಂಧ್ರ ಬಿಟ್ಟರು. ಅದು ಮರವನ್ನು ಕೊಲ್ಲುವುದು ಕಡಿಮೆ, ಎಲೆಗೆ ಚುಕ್ಕೆ ತರಿಸಿ ತೂತು ಮಾಡುತ್ತದೆ. ಇಲ್ಲಿ ಎಲೆಯೊಂದನ್ನು ಬೆಳಕಿಗೆ ಹಿಡಿದರೆ ಜರಡಿ ಕಂಡಂತೆ ಕಾಣಬಹುದು. ಆ ಸಂದಿನಲ್ಲಿ ಇಳಿದ ಬಿಸಿಲಿಗೆ, ಮೊದಲು ಬರಿದಾಗಿದ್ದ ನೆಲದಲ್ಲಿ ಸ್ಥಳೀಯ ಸಸಿಗಳು ಮತ್ತೆ ಹುಟ್ಟಿವೆ. ಹೆಜ್ಜೆ ನೋಡಿಕೊಂಡು ಇಡಿ.