ಪಿವಟ್ ಟೇಬಲ್‌ನಲ್ಲಿ ಸರಾಸರಿಗಿಂತ ಎಷ್ಟು ಪರ್ಸೆಂಟ್ ಜಾಸ್ತಿ, ಎಷ್ಟು ಕಡಿಮೆ?

ಡೇಟಾವನ್ನು ಗುಂಪು ಗುಂಪಾಗಿ ಒಟ್ಟುಗೂಡಿಸಿ ತೋರಿಸುವ ಎಕ್ಸೆಲ್ ಪಿವಟ್ ಟೇಬಲ್‌ನಲ್ಲಿ ಒಂದು ನಂಬರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಶೋ ವ್ಯಾಲ್ಯೂಸ್ ಆ್ಯಸ್' ತೆರೆದರೆ '% ಡಿಫರೆನ್ಸ್ ಫ್ರಮ್' ಸಿಗುತ್ತದೆ. ಯಾವುದಕ್ಕೆ ಹೋಲಿಸಬೇಕು ಅಂತ ಅದು ಕೇಳುತ್ತದೆ. ಹಿಂದಿನ ಐಟಂ (ಅಂದರೆ ಗುಂಪು), ಮುಂದಿನ ಐಟಂ, ಇಲ್ಲಾ ಆ ಫೀಲ್ಡ್‌ನಲ್ಲಿರುವ (ಅಂದರೆ ಡೇಟಾದ ಆ ಕಾಲಮ್‌ನಲ್ಲಿರುವ) ಯಾವುದೋ ಒಂದು ಐಟಂ, ಇಷ್ಟೇ. ಸರಾಸರಿ ಅನ್ನೋದು ಆ ಪಟ್ಟಿಯಲ್ಲೇ ಇಲ್ಲ. ನಮಗೆ ಬೇಕಾಗಿರೋದು ಅದೇ ಅಲ್ವಾ?

ದಾರಿಗಳಿವೆ. ಆದರೆ ಅದಕ್ಕೂ ಮೊದಲು, ಯಾವ ಸರಾಸರಿ ಬೇಕು ಅಂತ ತೀರ್ಮಾನ ಮಾಡಿಕೊಳ್ಳಿ.

'ಅ' ಗುಂಪಿನಲ್ಲಿ 4 ಸಾಲು, ಪ್ರತಿಯೊಂದರಲ್ಲೂ 50 ಇದೆ ಅಂದುಕೊಳ್ಳಿ. 'ಬ' ಗುಂಪಿನಲ್ಲಿ ಒಂದೇ ಸಾಲು, ಅದರಲ್ಲಿ 100. ಒಟ್ಟು 300, ಸಾಲು 5, ಹಾಗಾಗಿ ಎಲ್ಲ ಸಾಲುಗಳ ಸರಾಸರಿ 60. 'ಅ' ಗುಂಪಿನ ಸರಾಸರಿ 50, ಅಂದರೆ ಇದಕ್ಕಿಂತ 16.7% ಕಡಿಮೆ. ಈಗ ಎರಡು ಗುಂಪುಗಳ ಸರಾಸರಿಗಳ ಸರಾಸರಿ ತೆಗೆದರೆ 75, ಆಗ ಅದೇ 'ಅ' 33.3% ಕಡಿಮೆ. ಗುಂಪಿನ ಮೊತ್ತಗಳನ್ನು ಹೋಲಿಸಿದರೆ? ಮೊತ್ತಗಳ ಸರಾಸರಿ 150, 'ಅ' ಮೊತ್ತ 200, ಹಾಗಾಗಿ 33.3% ಜಾಸ್ತಿ! ಡೇಟಾ ಒಂದೇ, ಚಿಹ್ನೆಯೇ ತಿರುಗಿತು. ರಿಪೋರ್ಟ್‌ನಲ್ಲಿ 'ಸರಾಸರಿಗಿಂತ' ಅಂತ ಸುಮ್ನೆ ಬರೆದುಬಿಟ್ಟರೆ ಓದುವವರಿಗೆ ಇದು ಗೊತ್ತಾಗೋದೇ ಇಲ್ಲ, ದಯವಿಟ್ಟು ಯಾವ ಸರಾಸರಿ ಅಂತ ಹೆಡ್ಡಿಂಗ್‌ನಲ್ಲೇ ಹಾಕಿ.

ಸಾಲುಗಳ ಸರಾಸರಿ ಸಾಕಾದರೆ ಕೆಲಸ ಸುಲಭ. ವ್ಯಾಲ್ಯೂ ಫೀಲ್ಡನ್ನು ಆ್ಯವರೇಜ್ ಮಾಡಿ, '% ಆಫ್ ಕಾಲಮ್ ಟೋಟಲ್' ಆರಿಸಿ. ಗ್ರ್ಯಾಂಡ್ ಟೋಟಲ್ ಅಂದರೆ ಇಲ್ಲಿ ಎಲ್ಲ ಸಾಲುಗಳ ಸರಾಸರಿ, ಅದು 100% ಆಗುತ್ತದೆ. 'ಅ' ಮುಂದೆ 83.3% ಬರುತ್ತದೆ, 100 ಕಳೆದರೆ ವ್ಯತ್ಯಾಸ.

ಮೊತ್ತಗಳ ಸರಾಸರಿ ಬೇಕಾದರೆ ಕ್ಯಾಲ್ಕ್ಯುಲೇಟೆಡ್ ಐಟಂ ಮಾಡಬಹುದು. ಎಲ್ಲ ಗುಂಪುಗಳ ಸರಾಸರಿಯನ್ನೇ ಒಂದು ಹೊಸ ಐಟಂ ಮಾಡಿ, '% ಡಿಫರೆನ್ಸ್ ಫ್ರಮ್' ಕೇಳಿದಾಗ ಅದನ್ನೇ ಬೇಸ್ ಐಟಂ (ಹೋಲಿಕೆಯ ಐಟಂ) ಆಗಿ ಕೊಡಿ. ನನಗೆ ಈ ದಾರಿ ಅಷ್ಟು ಇಷ್ಟವಿಲ್ಲ. ಆ ಹೊಸ ಐಟಂ ಕೂಡ ಗ್ರ್ಯಾಂಡ್ ಟೋಟಲ್‌ಗೆ ಸೇರಿಕೊಂಡು ಮೊತ್ತ ಉಬ್ಬುತ್ತದೆ, ಹೊಸ ಗುಂಪು ಬಂದಾಗ ಫಾರ್ಮುಲಾ ತಿದ್ದಬೇಕು. ಕ್ಯಾಲ್ಕ್ಯುಲೇಟೆಡ್ ಫೀಲ್ಡ್ (ಫಾರ್ಮುಲಾದಿಂದ ಮಾಡುವ ಹೊಸ ಫೀಲ್ಡ್) ಅಂತೂ ಇಲ್ಲಿ ನಡೆಯೋದೇ ಇಲ್ಲ, ಯಾಕೆಂದರೆ ಅದು ಫೀಲ್ಡ್‌ನ ಮೊತ್ತವನ್ನು ಮೊದಲು ತೆಗೆದುಕೊಂಡು ಆಮೇಲೆ ಲೆಕ್ಕ ಹಾಕುತ್ತದೆ, ಆ ಒಂದೇ ಮೊತ್ತದ ಸರಾಸರಿ ಅಂದರೆ ಅದೇ ಮೊತ್ತ.

ಪದೇ ಪದೇ ಮಾಡುವ ರಿಪೋರ್ಟ್ ಆದರೆ ಡೇಟಾವನ್ನು ಎಕ್ಸೆಲ್ ಒಳಗಿನ ಡೇಟಾ ಮಾಡೆಲ್‌ಗೆ ಸೇರಿಸಿ, ಅದರ ಫಾರ್ಮುಲಾ ಭಾಷೆಯಾದ ಡ್ಯಾಕ್ಸ್‌ನಲ್ಲಿ ಮೆಷರ್ (ಪಿವಟ್‌ಗಾಗಿ ಬರೆಯುವ ಲೆಕ್ಕದ ಫಾರ್ಮುಲಾ) ಬರೆಯೋದೇ ಒಳ್ಳೆಯದು. ಗುಂಪಿನ ಮೌಲ್ಯವನ್ನು ಸರಾಸರಿಯಿಂದ 'ಡಿವೈಡ್' ಮಾಡಿ, 1 ಕಳೆಯಿರಿ. ಸರಾಸರಿ ತೆಗೆಯುವಾಗ 'ಕ್ಯಾಲ್ಕ್ಯುಲೇಟ್' ಒಳಗೆ 'ಆಲ್' ಹಾಕಿದರೆ ಆ ಗುಂಪಿನ ಕಾಲಮ್ ಮೇಲಿನ ಫಿಲ್ಟರ್ ಪೂರ್ತಿ ಹೋಗುತ್ತದೆ. ಸ್ಲೈಸರ್‌ನಲ್ಲಿ (ಫಿಲ್ಟರ್ ಮಾಡುವ ಬಟನ್‌ಗಳ ಪೆಟ್ಟಿಗೆಯಲ್ಲಿ) ಆರಿಸಿದ ಗುಂಪುಗಳ ಸರಾಸರಿ ಮಾತ್ರ ಬೇಕು ಅಂದರೆ ಅದೇ ಜಾಗದಲ್ಲಿ 'ಆಲ್‌ಸೆಲೆಕ್ಟೆಡ್' ಬರೆಯಿರಿ.